ಎಡಗಡೆ ನಾಲ್ಕು ಬೆರಳು

ದಾವಲಸಾಬರು ನಮ್ಮ ಬಸ್ಸಿನ ಡ್ರೈವರು. ಕಂಡಕ್ಟರು ನಾನು, ದಾನೇಶ್ವರಿ, ಅರಕೇರಿಯವಳು. ಬೆಳಿಗ್ಗೆ ವಿಜಯಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಮಧ್ಯಾಹ್ನ ಕಾಖಂಡಕಿಗೊಂದು ಟ್ರಿಪ್, ಸಂಜೆಗೆ ಮತ್ತೆ ವಿಜಯಪುರ. ಆರು ವರ್ಷ ಇದೇ ದಾರಿಯನ್ನು ಇಬ್ಬರೂ ಸೇರಿ ಸವೆಸಿದ್ದೇವೆ. ಈ ಆರು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮಾತುಗಳನ್ನೆಲ್ಲ ಕೂಡಿಸಿದರೆ ಮುಕ್ಕಾಲು ಪಾಲು ಎರಡೇ ಶಬ್ದ ಸಿಕ್ಕಾವು. ಬಾಗಿಲಲ್ಲಿ ನಿಂತು ನಾನು ‘ರೈಟ್’ ಅಂದರೆ ಗಾಡಿ ಬಿಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಿಸಬೇಕು. ಕೆಲವು ಡ್ರೈವರುಗಳು ಕಂಡಕ್ಟರಿನ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ಗೇರು ಹಾಕುತ್ತಾರೆ. ದಾವಲಸಾಬರು ಹಾಗಲ್ಲ. ಒಮ್ಮೆ ನನ್ನ ಗಂಟಲು ಕಟ್ಟಿ ದನಿ ಹೊರಡದೆ ಕೈ ಬೀಸಿದೆ, ತಗಡು ಬಡಿದೆ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೂತರು. ಬಾಗಿಲ ಬಳಿಯಿದ್ದ ಅಜ್ಜಿಯೊಬ್ಬಳು ನನ್ನ ಪರವಾಗಿ ರೈಟ್ ಅಂದಳು, ಅದೂ ನಡೆಯಲಿಲ್ಲ. ಕಡೆಗೆ ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಅವರ ಕಿವಿಯ ಹತ್ತಿರ ಪಿಸುಗುಟ್ಟಿದ ಮೇಲೆಯೇ ಬಸ್ಸು ಹೊರಟದ್ದು. ಅಂಥ ಮನುಷ್ಯ.

ಅವರಪ್ಪ ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಮಗ ಕೆಲವು ವರ್ಷ ಲಾರಿ ಹೊಡೆದು ಆಮೇಲೆ ಬಸ್ಸಿಗೆ ಬಂದರು. ಈಗ ಐವತ್ತೆರಡು ವರ್ಷ. ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ, ಹತ್ತಿರ ನಿಂತು ನೋಡಿದವರೂ ಅಲ್ಲ. ಆದರೆ ಏಳು ವರ್ಷದಿಂದ ಮನೆಯಲ್ಲಿ ವಿಮಾನ ಹಾರಿಸುತ್ತಾರೆ. ಮಗಳು ನಾಜಿಯಾ ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗುವಾಗ ತನ್ನ ಕಂಪ್ಯೂಟರನ್ನು ಇಲ್ಲೇ ಬಿಟ್ಟುಹೋದಳು. ಮಾವನಿಗೆ ಹೊತ್ತು ಹೋಗಲಿ ಎಂದು ಅಳಿಯ ಅದರಲ್ಲಿ ವಿಮಾನ ಹಾರಿಸುವ ಆಟವೊಂದನ್ನು ಹಾಕಿಕೊಟ್ಟ. ಅಲ್ಲಿಗೆ ಅವರ ಹೆಂಡತಿ ಪೀರಾಂಬಿ ಭಾಬಿಯ ನೆಮ್ಮದಿ ಮುಗಿಯಿತು.

ಅವರೆದುರು ಅದನ್ನು ಆಟ ಅನ್ನಬಾರದು. ಸಿಮ್ಯುಲೇಟರ್ ಅನ್ನಬೇಕು. ಸ್ಕ್ರೀನಿನೊಳಗೇ ವಿಮಾನದ ಸುತ್ತ ಒಂದು ಸುತ್ತು ಬಂದು ಟೈರು ನೋಡಿ, ಬಿಸ್ಮಿಲ್ಲಾ ಅಂದು ಮೇಜು ಮುಟ್ಟಿ, ಆಮೇಲೆ ಇಂಜಿನ್ ಚಾಲೂ ಮಾಡುತ್ತಾರೆ. ಬೆಳಗಾವಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಬುರಗಿ, ಎಷ್ಟಕ್ಕೆ ಬಿಟ್ಟರು, ಎಷ್ಟಕ್ಕೆ ಮುಟ್ಟಿದರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ವಿಮಾನಕ್ಕೂ ಅವರು ಗಾಡಿ ಅಂತಲೇ ಅನ್ನುವುದು. ವಿಮಾನದಲ್ಲಿ ಡ್ರೈವರು ಎಡಗಡೆ ಕೂರುತ್ತಾನೆ ಎಂಬುದು ಮಾತ್ರ ಅವರಿಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಒಮ್ಮೆ ಇಂಟರ್‌ನೆಟ್ಟಿನಲ್ಲಿ ಬೇರೆ ಊರುಗಳ ಹವ್ಯಾಸಿಗಳ ಜೊತೆ ಸೇರಿ ಹಾರಿಸಲು ಹೋದರು. ಅಲ್ಲಿ ಒಬ್ಬ ಕಂಟ್ರೋಲ್ ರೂಮಿನವನಾಗಿ ಕೂತು ಎಲ್ಲರಿಗೂ ದಾರಿ ಹೇಳುತ್ತಾನಂತೆ. ಅವನು ಇವರಿಗೆ ‘ಟರ್ನ್ ರೈಟ್’ ಅಂದ, ಅಂದರೆ ಬಲಕ್ಕೆ ತಿರುಗು. ಇವರ ಕಿವಿಗೆ ಬಿದ್ದದ್ದು ರೈಟ್. ಇಪ್ಪತ್ತಾರು ವರ್ಷ ರೈಟ್ ಅಂದರೆ ಬಿಡು ಎಂದೇ ಕೇಳಿದ ಕಿವಿ ಅದು. ನೆಟ್ಟಗೆ ಮುಂದೆ ಬಿಟ್ಟರು. ಅವನು ಗಾಬರಿಯಾಗಿ ‘ರೈಟ್ ರೈಟ್’ ಎಂದು ಕೂಗಿದ. ಕಂಡಕ್ಟರು ಎರಡು ಸಲ ರೈಟ್ ಅಂದರೆ ಜೋರಾಗಿ ಬಿಡು ಎಂದರ್ಥವಲ್ಲವೇ, ಇವರು ವೇಗ ಹೆಚ್ಚಿಸಿದರು. ಅವತ್ತೇ ಅವರನ್ನು ಗುಂಪಿನಿಂದ ತೆಗೆದರು. ಮರುದಿನ ಈ ಕಥೆ ಕೇಳಿ ನಾನು ನಕ್ಕು ನಕ್ಕು ಎರಡು ಸ್ಟಾಪು ಟಿಕೆಟ್ ಹರಿಯುವುದನ್ನೇ ಮರೆತೆ.

ಮಾನಿಟರ್ ಹುಚ್ಚು ಶುರುವಾದದ್ದು ಹೋದ ದೀಪಾವಳಿಯ ನಂತರ. ಹಾರಿಸುವುದು ಸುಲಭ, ಇಳಿಸುವುದೇ ಕಷ್ಟ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಇಳಿಸುವ ಮುಂಚೆ ರನ್‌ವೇಯ ಪಕ್ಕದಲ್ಲೇ ಹಾರಿ, ಆಮೇಲೆ ಎಡಕ್ಕೆ, ಮತ್ತೆ ಎಡಕ್ಕೆ ಹೊರಳಬೇಕಂತೆ. ಹೊರಳುವಾಗ ರನ್‌ವೇ ಎಡಗಡೆಯ ಕಿಟಕಿಯಲ್ಲಿ ಕಾಣುತ್ತಿರಬೇಕು. ಅವರ ಹತ್ತಿರ ಇದ್ದದ್ದು ನಾಜಿಯಾಳ ಹಳೆಯ ಇಪ್ಪತ್ತೆರಡು ಇಂಚಿನದು. ಅದರಲ್ಲಿ ಎದುರಿನದಷ್ಟೇ ಕಾಣುತ್ತದೆ. ಗುಂಡಿ ಒತ್ತಿದರೆ ಎಡಕ್ಕೆ ನೋಡಬಹುದು, ಆದರೆ ಆಗ ಎದುರಿನದು ಹೋಗುತ್ತದೆ. ಮೊದಲು ಹೇಗೋ ಇಳಿಸುತ್ತಿದ್ದವರು ಈಗ ಮೂರರಲ್ಲಿ ಎರಡು ಸಲ ಹೊಲದಲ್ಲಿ ಇಳಿಸುತ್ತಿದ್ದರು.

“ಸ್ಕ್ರೀನ್ ಸಣ್ಣದಾಗೈತಿ ತಂಗೆವ್ವಾ. ಎಡಗಡೆ ಏನೂ ಕಾಣವಲ್ದು,” ಅಂದರು ಒಂದು ದಿನ.

ಏಳು ವರ್ಷ ಸಾಲುತ್ತಿದ್ದ ಸ್ಕ್ರೀನು ಈಗ ಹೇಗೆ ಸಣ್ಣದಾಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಅದೇ ವಾರ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಎಡಗಡೆಯ ಕನ್ನಡಿ ದೀಪದ ಕಂಬಕ್ಕೆ ಬಡಿದು ಒಡೆಯಿತು. ಆ ಕಂಬ ಆರು ವರ್ಷದಿಂದ ಅಲ್ಲೇ ಇದೆ. ಅದಾಗಿ ಹತ್ತು ದಿನಕ್ಕೆ ಜೈನಾಪುರ ಕ್ರಾಸಿನಲ್ಲಿ, ದಿನವೂ ನಮ್ಮ ಬಸ್ಸಿಗೇ ಬರುವ ಪರಸವ್ವ ತರಕಾರಿ ಬುಟ್ಟಿ ಹೊತ್ತು ಎಡಗಡೆಯಿಂದ ಬಸ್ಸಿನ ಮುಂದೆ ದಾಟುತ್ತಿದ್ದಳು, ಇವರು ಗಾಡಿ ಮುಂದೆ ಒತ್ತಿದರು. ನಾನು ಕಿರುಚಿದ ಹೋಲ್ಡಾನ್‌ಗೆ ಬ್ರೇಕು ಬಿತ್ತು. ಬುಟ್ಟಿ ಹೋಯಿತು, ಪರಸವ್ವ ಉಳಿದಳು. ರಸ್ತೆ ತುಂಬ ಉರುಳಿದ ಬದನೆಕಾಯಿಗಳನ್ನು ನಾನು ಆರಿಸಿಕೊಟ್ಟೆ.

ನನಗೆ ಮೊದಲೇ ಸಿಟ್ಟು ಬೇಗ. ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ತಲೆಯೊಳಗೆ ಇಪ್ಪತ್ತನಾಲ್ಕು ತಾಸೂ ಆ ಹಾಳು ಸ್ಕ್ರೀನು ಕೂತಿದೆ, ಅದಕ್ಕೇ ರಸ್ತೆ ಕಾಣುವುದಿಲ್ಲ ಅಂದೆ. ಸಿಟ್ಟು ಇಳಿದ ಮೇಲೆ ಒಂದು ಸಲ ಕಣ್ಣು ತೋರಿಸಿ ಬನ್ನಿ ಎಂದೂ ಹೇಳಿದೆ. ಅವರು ದೂರ ತೋರಿಸಿ, ಎರಡು ಹೊಲದಾಚೆ ನಿಂತಿದ್ದ ಟ್ರ್ಯಾಕ್ಟರಿನ ನಂಬರನ್ನು ಅಂಕಿ ತಪ್ಪದೆ ಓದಿದರು. ನನಗೆ ಅಲ್ಲಿ ಟ್ರ್ಯಾಕ್ಟರ್ ಇದೆ ಎಂಬುದೇ ಸರಿಯಾಗಿ ಕಂಡಿರಲಿಲ್ಲ. ಸುಮ್ಮನಾದೆ. ಸುಮ್ಮನಾದದ್ದು ಬಾಯಿ ಮಾತ್ರ. ಅಂದಿನಿಂದ ನನಗೆ ಬಸ್ಸಿನಲ್ಲಿ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಟಿಕೆಟ್ ಕೊಡುತ್ತ ಕೊಡುತ್ತ ಮುಂದಿನ ಗಾಜಿನ ಎಡಗಡೆಗೆ ಕತ್ತು ಚಾಚುತ್ತಿದ್ದೆ. ಐವತ್ತು ಜನ ನನ್ನ ಒಂದು ರೈಟಿನ ಮೇಲೆ ಹತ್ತಿ ಕೂತಿರುತ್ತಾರೆ ಎಂಬುದು ಆರು ವರ್ಷದಲ್ಲಿ ಮೊದಲ ಸಲ ತಲೆಗೆ ಬಂದು ಅಲ್ಲೇ ಉಳಿಯಿತು.

ಇತ್ತ ಅವರ ಚಡಪಡಿಕೆ ಬೇರೆ. ರೈಲ್ವೆ ಗೇಟಿನಲ್ಲಿ ಗಾಡಿ ನಿಂತರೆ ಸ್ಟೇರಿಂಗಿನ ಮೇಲೆ ಬೆರಳು ಬಡಿಯುವುದು, ನನ್ನ ಕಡೆ ತಿರುಗಿ, ಅಗಲವಾದದ್ದು ಒಳ್ಳೆಯದೋ ಎತ್ತರವಾದದ್ದು ಒಳ್ಳೆಯದೋ ಎಂದು ಕೇಳುವುದು, ನಾನು ಉತ್ತರ ಹೇಳುವ ಮುಂಚೆ ತಾವೇ ಬೇರೆಯದು ಹೇಳುವುದು. ಒಂದು ದಿನ ಪೀರಾಂಬಿ ಭಾಬಿ ಫೋನು ಮಾಡಿ, ನೀನಾದರೂ ಜೊತೆಗೆ ಹೋಗಿ ಯಾವುದಾದರೊಂದು ಪರದೆ ಆರಿಸಿ ಕೊಡಿಸವ್ವಾ, ಮನೆಯಲ್ಲಿ ಈ ಮನುಷ್ಯನ ಕಾಟ ತಡೆಯುವುದಾಗಿಲ್ಲ ಎಂದು ಬೇಡಿಕೊಂಡರು. ಹೊಸದು ಬಂದರೆ ಇವರ ಮನಸ್ಸು ರಸ್ತೆಗೆ ಮರಳೀತು ಎಂದು ನಾನೂ ನಂಬಿದ್ದೆ. ಹಾಗಾಗಿ ಡ್ಯೂಟಿ ಮುಗಿದ ಮೇಲೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿರುವ ನದೀಮನ ಕಂಪ್ಯೂಟರ್ ಅಂಗಡಿಗೆ ಅವರ ಜೊತೆ ಓಡಾಡತೊಡಗಿದೆ.

ನದೀಮ ಎರಡು ಮಕ್ಕಳ ತಂದೆ, ಮಾತು ಕಡಿಮೆ, ತಾಳ್ಮೆ ಬಹಳ. ದಾವಲಸಾಬರಂಥ ಗಿರಾಕಿಗೆ ಅದು ಬೇಕೇ ಬೇಕು. ಇಬ್ಬರೂ ಉರ್ದುವಿನಲ್ಲಿ ಶುರು ಮಾಡಿ, ನಾನಿದ್ದೇನೆಂದು ಕನ್ನಡಕ್ಕೆ ಬರುತ್ತಿದ್ದರು. ಅವನು ಮೊದಲು ತೋರಿಸಿದ್ದು ಇಪ್ಪತ್ತೇಳು ಇಂಚಿನದು. ಚಿತ್ರ ಎಷ್ಟು ಸ್ವಚ್ಛವೆಂದರೆ ವಿಮಾನದ ಗಡಿಯಾರಗಳ ಸಣ್ಣ ಅಂಕಿಗಳೂ ಕಾಣುತ್ತಿದ್ದವು. ದಾವಲಸಾಬರು ಕುರ್ಚಿ ತರಿಸಿ, ಬಸ್ಸಿನ ಸೀಟಿನ ಎತ್ತರಕ್ಕೆ ಬರುವ ಹಾಗೆ ಅದರ ಮೇಲೆ ಎರಡು ಖಾಲಿ ಡಬ್ಬಿ ಇಟ್ಟು ಹತ್ತಿ ಕೂತು, ಇಲ್ಲದ ಸ್ಟೇರಿಂಗಿಗೆ ಕೈ ಚಾಚಿದರು. ಎದುರಿನದೆಲ್ಲ ಚೆನ್ನಾಗಿದೆ, ಎಡಗಡೆ ಸಾಲದು ಅಂದರು. ಎರಡನೆಯ ಸಲ ನಲವತ್ತಮೂರು ಇಂಚಿನ ಟಿವಿ. ಅದು ಟಿವಿ, ಆಟಕ್ಕೆ ತಡವಾಗುತ್ತದೆ ಎಂದು ನದೀಮ ಮೊದಲೇ ಹೇಳಿದ್ದ. ಹಾಗೇ ಆಯಿತು, ಕೈ ತಿರುಗಿಸಿದ ಮೇಲೆ ಚಿತ್ರ ಒಂದು ಗಳಿಗೆ ಬಿಟ್ಟು ತಿರುಗುತ್ತಿತ್ತು. ಹಳೆಯ ಲಾರಿಯ ಸ್ಟೇರಿಂಗಿನ ಹಾಗಿದೆ ಎಂದು ಎದ್ದುಬಂದರು. ಮೂರನೆಯದು ಮೂರು ಮಾನಿಟರುಗಳ ಸಾಲು. ನಡುವೆ ಬರುವ ಅಂಚುಗಳು ಅಡ್ಡವಾಗುತ್ತವೆಂದು ನದೀಮ ಅಂದರೆ, ಬಸ್ಸಿನ ಗಾಜಿಗೂ ಕಂಬವಿಲ್ಲವೇ, ಅಭ್ಯಾಸವಿದೆ ಅಂದರು. ಆದರೆ ಮೂರನ್ನು ಓಡಿಸಲು ಆ ಹಳೆಯ ಕಂಪ್ಯೂಟರಿಗೆ ಶಕ್ತಿ ಸಾಲದು, ಜೊತೆಗೆ ಭಾಬಿಯ ಹೊಲಿಗೆ ಯಂತ್ರ ಜಾಗ ಬಿಡಬೇಕು. ಭಾಬಿ ಒಪ್ಪಲಿಲ್ಲ.

ಕಡೆಗೆ ಸಂಕ್ರಮಣ ಕಳೆದ ಮೇಲೆ ಕೊಂಡದ್ದು ಮೂವತ್ತನಾಲ್ಕು ಇಂಚಿನ ಅಗಲ ಸ್ಕ್ರೀನು. ಎರಡೂ ತುದಿ ನಮ್ಮ ಕಡೆಗೆ ಬಾಗಿದ್ದು, ಥೇಟ್ ಬಸ್ಸಿನ ಮುಂದಿನ ಗಾಜು. ಅದನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೂ ಹಗುರಾಯಿತು. ಇನ್ನು ಮುಗಿಯಿತು ಅಂದುಕೊಂಡೆ.

ನಾಲ್ಕನೆಯ ದಿನ ಅವರ ಮುಖ ಮತ್ತೆ ಇಳಿದಿತ್ತು. ಮಾನಿಟರಿನ ಎಡಗಡೆ ನಾಲ್ಕು ಬೆರಳಷ್ಟು ಜಾಗದಲ್ಲಿ ಚಿತ್ರ ನಿಲ್ಲುವುದಿಲ್ಲವಂತೆ. ನದೀಮ ಚಕಾರವೆತ್ತದೆ ಬೇರೆ ಪೀಸು ಕೊಟ್ಟ. ಅದೂ ಹಾಗೇ. ಎರಡನೆಯ ಸಲ ವಾಪಸ್ ಕೊಡಲು ಹೋದ ಭಾನುವಾರ ನಾನೂ ಜೊತೆಗಿದ್ದೆ. ನದೀಮ ಅದನ್ನು ಹಚ್ಚಿದ. ಈ ತುದಿಯಿಂದ ಆ ತುದಿಯವರೆಗೆ ನೀಲಿ ಆಕಾಶ, ಕೆಳಗೆ ಹೊಲ. ನನಗೆ ಎಲ್ಲವೂ ಕಾಣುತ್ತಿತ್ತು. ಚಿತ್ರ ಎಲ್ಲಿ ಹೋಗುತ್ತದೆ ತೋರಿಸಿ ಎಂದು ನದೀಮ ಕೇಳಿದ. ದಾವಲಸಾಬರು ಎಡತುದಿಯ ಕಡೆ ಮುಖ ತಿರುಗಿಸಿ ನೋಡಿ ಪೇಚಿಗೆ ಬಿದ್ದರು.

“ನೋಡಿದಾಗ ಬರತೈತಿ. ನೋಡದಿದ್ದಾಗ ಹೋಗತೈತಿ. ಒಳಗ ಎಲ್ಲೋ ವೈರ್ ಲೂಸ್ ಐತಿ ನೋಡು,” ಅಂದರು.

ಗಾಡಿಗಳ ಜೊತೆ ಬದುಕಿದವರಿಗೆ ಇದು ಹೊಸದೇನಲ್ಲ. ಮೆಕ್ಯಾನಿಕ್ ಬಂದಾಗ ಸರಿಯಾಗಿದ್ದು, ಅವನು ಹೋದ ಮೇಲೆ ಕೆಡುವ ಎಷ್ಟೋ ದೋಷಗಳನ್ನು ನಾವು ನೋಡಿದ್ದೇವೆ. ನಾನೂ ತಲೆಯಾಡಿಸಿದೆ. ನದೀಮ ತಲೆಯಾಡಿಸಲಿಲ್ಲ. ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, ಸ್ಕ್ರೀನನ್ನು ಪೂರ್ತಿ ಬಿಳಿ ಮಾಡಿ, ನಟ್ಟ ನಡುವೆ ಒಂದು ಕಪ್ಪು ಚುಕ್ಕೆ ಇಟ್ಟ.

“ಚಾಚಾ, ಈ ಚುಕ್ಕಿನ್ನ ಅಷ್ಟ ನೋಡ್ರಿ. ಬದಿಯಿಂದ ಮೌಸಿನ ಬಾಣ ಬರತೈತಿ, ಕಂಡ ಕೂಡ್ಲೆ ಹೇಳ್ರಿ,” ಅಂದ.

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಮೊದಲು ಬಲಗಡೆಯಿಂದ ಬಾಣ ಬಂತು. ತುದಿಯಲ್ಲಿ ಮೂಗು ತೂರಿಸಿದ್ದೇ ತಡ, ಹಾಂ ಅಂದರು. ಆಮೇಲೆ ಎಡಗಡೆಯಿಂದ ಬಿಟ್ಟ. ಬಾಣ ಒಳಗೆ ಬಂತು, ನಾಲ್ಕು ಬೆರಳು ದಾಟಿತು. ಅವರು ಚುಕ್ಕೆಯನ್ನೇ ನೋಡುತ್ತ, ಬಿಡು ಬಿಡು, ಬಾಣ ಬಿಡು ಅಂದರು. ಬಾಣ ಒಂದು ಗೇಣು ಬಂತು. ನಾನು ಬಾಯಿಗೆ ಕೈ ಒತ್ತಿ ಹಿಡಿದೆ, ಏಕೆಂದರೆ ಹೋಲ್ಡಾನ್ ಎಂದು ಕೂಗುವುದರಲ್ಲಿದ್ದೆ. ಗೇಣಿನ ಆಚೆ ಇನ್ನೂ ಎರಡು ಬೆರಳು ಸರಿದ ಮೇಲೆ ಅವರು ಹಾಂ ಅಂದರು. ಅಷ್ಟು ಹೊತ್ತು ನನ್ನ ಕಣ್ಣಿಗೆ ಬಾಣ ಕಾಣುತ್ತಿರಲಿಲ್ಲ, ಬುಟ್ಟಿ ಹೊತ್ತ ಪರಸವ್ವ ಕಾಣುತ್ತಿದ್ದಳು.

ಮಾನಿಟರ್ ಕೆಟ್ಟಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಣ ಹಿಂದಿರುಗಿಸುತ್ತೇನೆ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದು ನದೀಮ ಮೆತ್ತಗೆ ಹೇಳಿದ. ದಾವಲಸಾಬರು ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು. ಮೂಲೆಯಲ್ಲಿ ಹಳೆಯ ಇಪ್ಪತ್ತೆರಡು ಇಂಚಿನ ಒಂದು ಮಾನಿಟರ್ ಉರಿಯುತ್ತಿತ್ತು. ಅದರ ಎದುರು ಹೋಗಿ ನಿಂತು, ಬಹಳ ಹೊತ್ತು ನೋಡಿ, ನಕ್ಕರು. ಸಣ್ಣದೇ ಒಳ್ಳೆಯದು, ಸಣ್ಣದರಲ್ಲಿ ಎಲ್ಲಾ ಕಾಣುತ್ತದೆ, ನಾಜಿಯಾಳದ್ದೇ ಸಾಕು ಅಂದರು. ಮೂರು ತಿಂಗಳು ದೊಡ್ಡದು ಬೇಕು ಎಂದು ಕುಣಿದವರು ಅವರೇ. ಸ್ಕ್ರೀನನ್ನು ಸಣ್ಣದು ಮಾಡಿಕೊಳ್ಳಬಹುದು. ತಿಕೋಟಾ ರಸ್ತೆಯನ್ನು ಮಾಡಿಕೊಳ್ಳಲಾದೀತೇ?

ಚೌಕದ ಚಹಾದಂಗಡಿಯಲ್ಲಿ ಕೂತಾಗ ನಾನು ನಾಳೆಯೇ ರಜೆ ಹಾಕಿ ಅಂದೆ. ಅವರು ಕಪ್ಪಿನ ಚಹಾದ ಕೆನೆಯನ್ನು ಬೆರಳಿಂದ ಬದಿಗೆ ಸರಿಸಿದರು. ಆಮೇಲೆ ಅವರಪ್ಪನ ಕುದುರೆಯ ವಿಷಯ ತೆಗೆದರು.

“ನಮ್ಮಪ್ಪನ ಕುದರಿ ಎರಡೂ ಕಣ್ಣಿನ ಬಾಜೂಕ ಚರ್ಮದ ಪಟ್ಟಿ ಕಟಗೊಂಡ ಹನ್ನೊಂದ ವರ್ಷ ಟಾಂಗಾ ಎಳೀತು ತಂಗೆವ್ವಾ. ಬದಿ ಕಾಣದಿದ್ರ ಏನಾತು?”

“ಕುದರಿಗೆ ಕಾಣ್ತಿದ್ದಿಲ್ಲ ಖರೆ ಅಣ್ಣಾರ. ಟಾಂಗಾದ ಮ್ಯಾಲ ನಿಮ್ಮಪ್ಪಾರು ಕೂತಿದ್ರಲ್ಲ.”

“ಮತ್ತ ನೀ ಇದ್ದೀಯಲ್ಲ,” ಅಂದರು. “ಎಡಗಡೆ ನೀ ನೋಡು. ಉಳಿದಿದ್ದು ನಾ ನೋಡ್ಕೋತೇನಿ. ಎಂಟು ವರ್ಷದ ಮಾತು.”

ಎಂಟು ವರ್ಷಕ್ಕೆ ಅವರ ನಿವೃತ್ತಿ. ಅವರು ಕೇಳಿದ್ದು ದೊಡ್ಡದೇನಲ್ಲ ಎಂಬಂತೆ ಕೇಳಿದರು, ಅದೇ ನನ್ನನ್ನು ಕಟ್ಟಿಹಾಕಿತು. ಡ್ರೈವರ್ ಕೆಲಸಕ್ಕೆ ಆಗುವುದಿಲ್ಲ ಎಂದಾದರೆ ಡಿಪೋದಲ್ಲಿ ಬೇರೆ ಕೆಲಸ ಸಿಗುತ್ತದೆ, ಹೊಟ್ಟೆಗೆ ತೊಂದರೆಯಿಲ್ಲ. ಆದರೆ ಸ್ಟೇರಿಂಗ್ ಇಲ್ಲದ ದಾವಲಸಾಬರನ್ನು ನಾನೇ ಕಲ್ಪಿಸಿಕೊಳ್ಳಲಾರೆ, ಅವರು ಹೇಗೆ ಕಲ್ಪಿಸಿಕೊಂಡಾರು? ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರು ಅದನ್ನು ಹೂಂ ಎಂದು ತಿಳಿದು ಚಹಾದ ದುಡ್ಡು ಕೊಟ್ಟು ಎದ್ದರು. ನಾನು ಅರಕೇರಿಗೆ ಬಂದು ಹಿಟ್ಟು ಕಲಸುತ್ತ ಎದುರಿನ ಗೋಡೆಯ ಮೊಳೆಯನ್ನೇ ನೋಡುತ್ತ, ಒಂದು ಕೈಯನ್ನು ಎಡಗಡೆಯಿಂದ ನಿಧಾನ ತಂದು ಎಲ್ಲಿ ಕಾಣುತ್ತದೆ ಎಂದು ನೋಡಿಕೊಂಡೆ. ಮತ್ತೆ ಮತ್ತೆ ನೋಡಿಕೊಂಡೆ. ಏನಾಗಿದೆ ನಿನಗೆ ಎಂದು ನನ್ನ ಗಂಡ ಕೇಳಿದರೆ ಏನಿಲ್ಲ ಎಂದು ರೇಗಿದೆ.

ಮರುದಿನ ಸೋಮವಾರ. ವಿಜಯಪುರ ಸ್ಟ್ಯಾಂಡಿನಲ್ಲಿ ಸಂತೆಗೆ ಹೋಗುವವರು, ಸಾಲಿ ಮಾಸ್ತರರು, ಕಾಲೇಜಿನ ಹುಡುಗಿಯರು, ಬಸ್ಸು ಕಿಕ್ಕಿರಿದಿತ್ತು. ಹಿಂದಿನ ದಿನ ಮಗಳ ಮನೆಗೆ ಬಂದಿದ್ದ ಪರಸವ್ವ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಸೀಟಿನಲ್ಲೇ ಕೂತಿದ್ದಳು. ದಾವಲಸಾಬರು ಇಂಜಿನ್ ಚಾಲೂ ಮಾಡಿ ನನ್ನತ್ತ ನೋಡಿದರು. ಮೊದಲೆಲ್ಲ ಬರೀ ಕಣ್ಣು ಹೊರಳಿಸಿದರೆ ಅವರಿಗೆ ಕನ್ನಡಿಯಲ್ಲಿ ನಾನು ಸಿಗುತ್ತಿದ್ದೆ. ಈಗ ಕತ್ತು, ಭುಜ, ಅರ್ಧ ಮೈ ತಿರುಗಿಸಬೇಕಾಗಿತ್ತು. ಇದು ಎಂದಿನಿಂದ ಹೀಗೆ ನಡೆದಿದೆಯೋ, ದಿನವೂ ನೋಡುತ್ತಿದ್ದ ನಾನೇ ನೋಡಿರಲಿಲ್ಲ.

ಬಾಗಿಲು ಹಾಕಿಕೊಂಡೆ. ಎಡಗಡೆ ಯಾರೂ ಇರಲಿಲ್ಲ. ಒಂದು ಶಬ್ದ ಹೇಳಿದರೆ ಮುಗಿಯಿತು, ದಿನಕ್ಕೆ ಇನ್ನೂರು ಸಲ ಹೇಳುವ ಶಬ್ದ. ಬರಲಿಲ್ಲ. ನಿಜವಾಗಿ ಅವತ್ತು ನಾನು ಏನನ್ನೂ ನಿರ್ಧಾರ ಮಾಡಿ ಬಂದಿರಲಿಲ್ಲ. ಹೇಗಾದರೂ ಈ ವಾರ ದೂಡಿದರಾಯಿತು ಎಂದೇ ಹತ್ತಿದ್ದೆ. ಜನ ಗೊಣಗತೊಡಗಿದರು. ಹಿಂದಿನಿಂದ ಒಬ್ಬ ಮಾಸ್ತರರು ರೈಟ್ ಅಂದರು. ಗಾಡಿ ಅಲುಗಲಿಲ್ಲ. ದಾವಲಸಾಬರು ಇನ್ನೂ ಮೈ ತಿರುಗಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ಅಂದು ಗಂಟಲು ಕಟ್ಟಿದಾಗ ನೋಡಿದ ಹಾಗೇ.

“ಹೋಲ್ಡಾನ್,” ಅಂದೆ.

“ನಿಂತ ಗಾಡಿಗೆ ಹೋಲ್ಡಾನ್ ಅಂತಾಳಲ್ಲ ಈಕಿ,” ಎಂದು ಪರಸವ್ವ ನಕ್ಕಳು. ಇಡೀ ಬಸ್ಸು ನಕ್ಕಿತು.

ಅವರು ನಗಲಿಲ್ಲ. ಮುಖ ತಿರುಗಿಸಿ ಎದುರಿನ ಗಾಜನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದರು. ಅವರ ಬಾಗಿಲಿಂದ ಇಳಿದು, ಗಾಡಿಯ ಮುಂದಿನಿಂದ ಸುತ್ತಿಬಂದು, ನನ್ನ ಬಾಗಿಲು ತೆಗೆದು ಕೆಳಗೆ ನಿಂತರು. ಜನ ಇದ್ದರೆಂದು ದನಿ ತಗ್ಗಿಸಿ ಹೇಳಿದರು.

“ಡಾಕ್ಟರ್ ಅಂದಿದ್ರ ತಡಕೋತಿದ್ದೆ. ನೀ ಅನಬಾರದಿತ್ತು.”

ಚಾವಿಯನ್ನು ನನ್ನ ಕೈಗೆ ಕೊಡಲಿಲ್ಲ, ಮೆಟ್ಟಿಲ ಮೇಲೆ ಇಟ್ಟರು. ನೆಟ್ಟಗೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿ, ತಮ್ಮ ಕಣ್ಣು ಸರಿಯಿಲ್ಲ, ಬೇರೆ ಡ್ರೈವರನ್ನು ಕಳಿಸಿ ಎಂದು ತಾವೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಟಿತು, ಎಲ್ಲರೂ ನನ್ನನ್ನೇ ಬೈದರು. ಬೈಯಲಿ ಅನ್ನಿಸಿತು.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತ ಬಂದಿದೆ ಎಂದು ಡಾಕ್ಟರು ಹೇಳಿದರಂತೆ. ಎದುರಿನ ಅಕ್ಷರವೆಲ್ಲ ಓದಿಸುತ್ತ, ಬದಿಯನ್ನು ಸದ್ದಿಲ್ಲದೆ ತಿನ್ನುವ ರೋಗ. ಹೋದದ್ದು ಬರುವುದಿಲ್ಲ, ದಿನವೂ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದು ಉಳಿದೀತು. ಇನ್ನೊಂದು ವರ್ಷ ತಡವಾಗಿದ್ದರೆ ಅದೂ ಇಲ್ಲವಾಗುತ್ತಿತ್ತು. ಇದನ್ನೆಲ್ಲ ನನಗೆ ಹೇಳಿದ್ದು ಭಾಬಿ. ದಾವಲಸಾಬರು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವರನ್ನು ಡಿಪೋದಲ್ಲಿ ಟೈರಿನ ವಿಭಾಗಕ್ಕೆ ಹಾಕಿದ್ದರು. ಎಷ್ಟೋ ಸಲ ಅಂಗಳದಲ್ಲಿ ಅವರ ಎಡಗಡೆಯಿಂದ ಹಾದುಹೋದೆ. ತಿರುಗಿ ನೋಡಲಿಲ್ಲ. ಸಿಟ್ಟಿಗೆ ನೋಡಲಿಲ್ಲವೋ, ನಾನು ಕಾಣಲೇ ಇಲ್ಲವೋ, ತಿಳಿಯಲಿಲ್ಲ. ಬಲಗಡೆಯಿಂದ ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ. ನನ್ನ ಬಸ್ಸಿಗೆ ಪ್ರತಾಪ ಎಂಬ ಹೊಸ ಡ್ರೈವರು ಬಂದ. ಒಳ್ಳೆಯವನೇ, ನಾನು ರೈಟ್ ಅನ್ನುವಷ್ಟರಲ್ಲಿ ಗಾಡಿ ಅರ್ಧ ಫರ್ಲಾಂಗು ಹೋಗಿರುತ್ತದೆ. ಅನ್ನುವುದನ್ನೇ ಬಿಟ್ಟೆ, ಸೀಟಿ ಊದುತ್ತೇನೆ.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಭಾಬಿ ಫೋನು ಮಾಡಿ, ಬಂದು ಹೋಗು ಎಂದಷ್ಟೇ ಹೇಳಿದರು. ಹೋದೆ. ಹೊಲಿಗೆ ಯಂತ್ರ ಅಡುಗೆಮನೆ ಸೇರಿತ್ತು. ಮೇಜಿನ ಮೇಲೆ ಅದೇ ಮೂವತ್ತನಾಲ್ಕು ಇಂಚಿನದು. ನದೀಮ ಅದನ್ನು ಯಾರಿಗೂ ಮಾರದೆ ಇಟ್ಟಿದ್ದನಂತೆ, ಇವರೇ ಹೋಗಿ ಕೇಳಿ ತಂದರಂತೆ. ಆದರೆ ಮೇಜಿನ ನಡುವೆ ಇಟ್ಟಿರಲಿಲ್ಲ. ಬಲಕ್ಕೆ ಸರಿಸಿ, ಅದರ ಎಡತುದಿ ಸರಿಯಾಗಿ ಅವರ ಮೂಗಿನ ಎದುರಿಗೆ ಬರುವ ಹಾಗೆ ಇಟ್ಟುಕೊಂಡು ಕೂತಿದ್ದರು. ಮೇಜಿನ ಎಡಗಡೆ ಖಾಲಿ ಬಿದ್ದ ಜಾಗದಲ್ಲಿ ಒಂದು ಕುರ್ಚಿ ಇತ್ತು. ಸ್ಕ್ರೀನಿನಲ್ಲಿ ಬೆಳಗಾವಿಯ ರನ್‌ವೇ, ಇಂಜಿನ್ ಚಾಲೂ ಇತ್ತು, ವಿಮಾನ ನಿಂತಿತ್ತು.

ಅರ್ಧ ತಾಸಾಯಿತು ಹೀಗೇ ನಿಲ್ಲಿಸಿಕೊಂಡು ಕೂತಿದ್ದಾರೆ ಎಂದು ಭಾಬಿ ಕಣ್ಣಲ್ಲೇ ತೋರಿಸಿ ಒಳಗೆ ಹೋದರು. ನಾನು ಬಂದದ್ದು ಅವರಿಗೆ ಗೊತ್ತಿತ್ತು. ತಿರುಗಲಿಲ್ಲ. ನಾನು ಎಡಗಡೆಯ ಕುರ್ಚಿಯಲ್ಲಿ, ಅವರಿಗೆ ಕಾಣದ ಕಡೆ ಕೂತೆ.

“ಎಡಗಡೆ ಯಾರರೆ ಅದಾರೇನು, ತಂಗೆವ್ವಾ?”

ಎರಡು ತಿಂಗಳ ಮೇಲೆ ಕೇಳಿದ ತಂಗೆವ್ವಾ. ನನಗೆ ಕಣ್ಣು ತುಂಬಿ ಸ್ಕ್ರೀನು ಮಸುಕಾಯಿತು. ಒರೆಸಿಕೊಂಡು ನೋಡಿದೆ. ಹುಲ್ಲು, ಒಂದು ದೀಪದ ಕಂಬ, ಆಚೆ ಬಯಲು.

“ಯಾರೂ ಇಲ್ರಿ,” ಅಂದೆ.

ಆದರೂ ಬಿಡಲಿಲ್ಲ. ಕೈ ವಿಮಾನ ತಿರುಗಿಸುವ ಸ್ಟಿಕ್ಕಿನ ಮೇಲಿತ್ತು, ಇಂಜಿನ್ ಗುರ್ ಅನ್ನುತ್ತಿತ್ತು, ಅವರು ಎದುರಿಗೇ ನೋಡುತ್ತ ಕೂತಿದ್ದರು. ಏತಕ್ಕೆ ಕಾಯುತ್ತಿದ್ದಾರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗಂಟಲು ಸರಿಮಾಡಿಕೊಂಡು ರೈಟ್ ಅಂದೆ.

ಗಾಡಿ ಬಿಟ್ಟರು.